ಶಾಯಿಗೆ ಬಿಟ್ಟ ಜಾಗ

"ಮೇಡಂ, ಮಗುವಿಗೆ ಎಷ್ಟು ಹನಿ?" ಓಡುತ್ತಿದ್ದ ಯಂತ್ರವನ್ನು ನಿಲ್ಲಿಸಿ ಮುದ್ರಕ ಕೇಳಿದ.

"ಮೂರು," ಎಂದಳು ಅಕ್ಷರ ವಿನ್ಯಾಸಕಿ.

"ಇದರಲ್ಲಿ ಎಂಟು ಕುಡಿಸಿ ಅಂತಿದೆಯಲ್ಲ."

ಅವಳು ಹಾಳೆ ಕಿತ್ತುಕೊಂಡಳು. ಜ್ವರದ ಔಷಧದ ಶೀಶೆಯ ಜೊತೆ ಮಡಿಸಿಡುವ, ಈರುಳ್ಳಿ ಸಿಪ್ಪೆಯಂಥ ಕಾಗದ. ಅದರಲ್ಲಿ 3ರ ಬಾಯಿಗೆ ಶಾಯಿ ತುಂಬಿ 8 ಆಗಿತ್ತು. ಆ ಒಂದು ಹಾಳೆಯನ್ನು ಉಳಿಸಿಕೊಂಡು, ಅಚ್ಚಾಗಿದ್ದ ಉಳಿದದ್ದನ್ನೆಲ್ಲ ಇಬ್ಬರೂ ಕೂತು ಹರಿದು ಹಾಕಿದರು.

ಅಕ್ಷರವೇನೋ ಹಳೆಯದು. ದಪ್ಪ ಕಾಲು, ಕಾಲಿನ ಬುಡಕ್ಕೆ ಪುಟ್ಟ ಪಾದ, ಪಕ್ಕದಲ್ಲೇ ಕೂದಲೆಳೆಯಂಥ ಗೆರೆ. ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಪತ್ರಿಕೆಯ ತಲೆಬರಹ, ರೈಲಿನ ವೇಳಾಪಟ್ಟಿ, ವಿಷದ ಶೀಶೆಯ ಚೀಟಿ, ಹೀಗೆ ಗಟ್ಟಿಯಾಗಿ ಹೇಳಬೇಕಾದ್ದೆಲ್ಲ ಅದರಲ್ಲೇ ಅಚ್ಚಾಗುತ್ತಿತ್ತು. ಅದನ್ನು ಕಂಪ್ಯೂಟರಿಗೆ ತರಲು ಅವಳು ಒಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಗೆರೆಗಳು ಕೂಡುವ ಮೂಲೆಗಳಲ್ಲೆಲ್ಲ ಇಲಿ ಕಡಿದಂಥ ಸಣ್ಣ ಕಚ್ಚುಗಳಿದ್ದವು. ಮೊಳೆ ಸವೆದಿದೆ ಎಂದುಕೊಂಡು ಇನ್ನೂರ ಹದಿನಾರು ಕಚ್ಚುಗಳನ್ನೂ ಎಣಿಸಿ ತುಂಬಿ, ನುಣುಪು ಮಾಡಿದ್ದಳು.

ಆ ಮೊಳೆಗಳನ್ನು ಕೆತ್ತಿದ ಅಜ್ಜ ಊರಲ್ಲೇ ಇದ್ದರು. ಮರುದಿನ ಬೆಳಿಗ್ಗೆ, ಬೈಸಿಕೊಳ್ಳಲು ಸಿದ್ಧಳಾಗಿಯೇ, ಅವಳು ಅವರ ಬಾಗಿಲು ತಟ್ಟಿದಳು. ಅಜ್ಜ ಭೂತಗನ್ನಡಿ ಹಿಡಿದು ಹಾಳೆಯನ್ನು ತುಂಬಾ ಹೊತ್ತು ನೋಡಿದರು.

"ಸವೆದದ್ದಲ್ಲಮ್ಮ, ನಾನೇ ಕೊರೆದದ್ದು. ದಪ್ಪ ಅಕ್ಷರ ಶಾಯಿ ಜಾಸ್ತಿ ಕುಡಿಯುತ್ತೆ. ಹೆಚ್ಚಾದದ್ದು ಹೋಗಿ ಕೂರೋಕೆ ಒಂದು ಜಾಗ ಬೇಡವಾ?"

ಅವಳು ತಲೆ ತಗ್ಗಿಸಿದಳು. ಅಜ್ಜ ನಕ್ಕರು. ತಾವೂ ಮೊದಲ ಸಲ ಹೀಗೇ ನುಣ್ಣಗೆ ಕೆತ್ತಿ, ಮೀಸೆ ತಿರುವಿಕೊಂಡು ಓಡಾಡಿದ್ದನ್ನು ಹೇಳಿದರು. ಆಗ ಯಂತ್ರ ನಡೆಸುವವನೊಬ್ಬ ಶಾಯಿ ಮೆತ್ತಿದ ಕೈಯಲ್ಲೇ ಮನೆ ತನಕ ಬಂದು, ಎಲ್ಲೆಲ್ಲಿ ಕೊರೆಯಬೇಕೆಂದು ಬೆರಳಿಟ್ಟು ತೋರಿಸಿ ಹೋಗಿದ್ದನಂತೆ.

"ನಿನಗೆ ಹೇಳಿದವನೂ ಯಂತ್ರದವನೇ ತಾನೆ? ಮೊದಲು ಹೋಗಿ ಅವನಿಗೊಂದು ಟೀ ಕುಡಿಸು. ನಾನು ನಮ್ಮವನಿಗೆ ಕುಡಿಸಲೇ ಇಲ್ಲ."

ಔಷಧದ ಕಂಪನಿಯವರನ್ನು ಕಾಡಿ ಬೇಡಿ ನಾಲ್ಕು ದಿನದ ಸಮಯ ಪಡೆದಳು. ಇನ್ನೂರ ಹದಿನಾರು ಕಚ್ಚುಗಳನ್ನೂ ಮತ್ತೆ ತೆರೆದಳು. ಐದನೆಯ ದಿನ ಯಂತ್ರ ಉಗುಳಿದ ಮೊದಲ ಹಾಳೆಯಲ್ಲಿ 3 ಬಾಯಿ ತೆರೆದುಕೊಂಡು, ಯಾರೂ ತಪ್ಪು ಓದಲಾರದ ಹಾಗೆ ನಿಂತಿತ್ತು. ಮುದ್ರಕ ಒಂದು ಕೈಯಲ್ಲಿ ಟೀ ಲೋಟ ಹಿಡಿದೇ ತಲೆಯಾಡಿಸಿದ.

ಅವಳು ಆ ಹಾಳೆಯನ್ನು ಮಡಿಸಿ ಲಕೋಟೆಗೆ ಹಾಕತೊಡಗಿದಳು.

"ಯಾರಿಗೆ ಮೇಡಂ?"

"ಕಚ್ಚು ಕೊರೆದ ಅಜ್ಜನಿಗೆ."

ಮುದ್ರಕ ಅವಳ ಕೈಯಿಂದ ಹಾಳೆ ತೆಗೆದುಕೊಂಡು, ಬಿಡಿಸಿ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ತಿರುಗಿಸಿ ಮುರುಗಿಸಿ ನೋಡಿದ. "ಎಲ್ಲಿದೆ ಕಚ್ಚು? ಒಂದೂ ಕಾಣಲ್ಲವಲ್ಲ."

"ಎಲ್ಲದರಲ್ಲೂ ಶಾಯಿ ಹೋಗಿ ಕೂತಿದೆ. ಅದನ್ನೇ ತೋರಿಸೋಕೆ ಕಳಿಸ್ತಿದೀನಿ," ಎಂದಳು.