ಒಂದು ದಮ್

ಹೊಸ ರಟ್ಟಿನ ವಾಸನೆ ಬಂದರೆ ಈಗಲೂ ನನಗೆ ಎದೆ ತುಂಬ ಉಸಿರೆಳೆದು ಜೋರಾಗಿ ಊದಬೇಕು ಅನ್ನಿಸುತ್ತದೆ.

1998ರ ಏಪ್ರಿಲ್. ಅಪ್ಪ ಎದೆಯ ಪರೀಕ್ಷೆಗೆಂದು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟಾಗ ನಾನೂ ಬಸ್ ಹತ್ತಿದ್ದೆ. ಕೇರಂ, ಓಟ, ಈಜು, ಯಾವುದರಲ್ಲೂ ನಾನು ಅಪ್ಪನನ್ನು ಸೋಲಿಸಿರಲಿಲ್ಲ. ಪ್ರತಿ ಆಟ ಮುಗಿದಾಗಲೂ ಗೆದ್ದವರ ಹೆಸರನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಎಲ್ಲ ಹಾಳೆಯಲ್ಲೂ ಅಪ್ಪನೇ.

ಎಕ್ಸ್‌ರೇ ಆದ ಮೇಲೆ ನರ್ಸ್ ಪ್ಲಾಸ್ಟಿಕ್ ಕೊಳವೆಯೊಂದಕ್ಕೆ ರಟ್ಟಿನ ಬಾಯಿ ಸಿಕ್ಕಿಸಿ, "ಯಜಮಾನ್ರೇ, ಒಂದು ದಮ್ ಎಳೀರಿ" ಅಂದರು. ಅಪ್ಪನ ಕೈ ಸೀದಾ ಬೀಡಿಯಿದ್ದ ಜೇಬಿಗೆ ಹೋಯಿತು.

"ಆ ದಮ್ಮಲ್ಲ ಮಾರಾಯ್ರೇ, ಉಸಿರು. ಎಳೆದು ಜೋರಾಗಿ ಊದಿ."

ಅಪ್ಪ ನಕ್ಕರು, ಕೆಮ್ಮಿದರು, ಊದಿದರು. ಉಸಿರಿನ ಬಲ ತೋರಿಸುವ ಕೊಳವೆಯ ಕೆಂಪು ಮುಳ್ಳು ಚೂರು ಮೇಲೇರಿ ನಿಂತಿತು. ಎಷ್ಟು ಸಲ ಊದಿದರೂ ಅಲ್ಲೇ.

ನಾನು ಕಾಡಿ ಬೇಡಿ ಕೊಳವೆ ಇಸಿದುಕೊಂಡೆ. ನರ್ಸ್ ಹೊಸ ರಟ್ಟು ಸಿಕ್ಕಿಸಿಕೊಟ್ಟರು. ಊದಿದೆ. ಮುಳ್ಳು ಅಪ್ಪನ ಗುರುತು ದಾಟಿ ಓಡಿತು. ನಾನು ಅಲ್ಲೇ ಕುಣಿದೆ.

ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದಿದ್ದ ಡಾಕ್ಟರು, "ಬೀಡಿ ಬಿಡದಿದ್ರೆ ಆ ಮುಳ್ಳು ಇನ್ನೂ ಕೆಳಗೆ ಬರುತ್ತೆ" ಅಂದರು.

ಮನೆಗೆ ಬಂದವನೇ ಕ್ಯಾಲೆಂಡರಿನಲ್ಲಿ ನನ್ನ ಹೆಸರು ಬರೆದೆ.

"ಯಾವುದ್ರಲ್ಲೋ ಗೆದ್ದೆ?" ಅಂದಳು ಅಮ್ಮ.

"ಊದೋದ್ರಲ್ಲಿ. ಅಪ್ಪಂಗೆ ಆಗ್ಲೇ ಇಲ್ಲ."

ಅಮ್ಮ ಅಪ್ಪನನ್ನೇ ನೋಡಿದಳು. ಅಪ್ಪ ಬೀಡಿಕಟ್ಟು ತೆಗೆದು ಅವಳ ಕೈಗಿಟ್ಟು, "ದಸರಾ ರಜೇಲಿ ಮತ್ತೆ ಊದೋಣ, ಆಗ ನೋಡು ಮಗನೇ" ಅಂದರು.

ನಾನು ಅಕ್ಟೋಬರ್ ಹಾಳೆ ತೆಗೆದು ಆಟ ಬರೆದು, ಗೆದ್ದವರ ಜಾಗ ಖಾಲಿ ಬಿಟ್ಟೆ. ಅಮ್ಮ ಪೆನ್ಸಿಲ್ ಕಸಿದುಕೊಂಡು ಅಲ್ಲಿ ಅಪ್ಪನ ಹೆಸರು ಬರೆದಳು.