ಸ್ಟೀರಿಂಗ್ ಸೀಟಿನ ರೇಟು

"ನಿನ್ನೆ ಒಂದು ರೇಟು, ಇವತ್ತು ಅದರ ಮೂರು ಪಟ್ಟು! ದುಡ್ಡೇನು ಮಾವನ ಹಿತ್ತಲಲ್ಲಿ ಗಿಡದಲ್ಲಿ ಬಿಡುತ್ತೇನೋ?" ಅಕ್ಕ ಕೌಂಟರಿನ ಮೇಲೆ ಅಂಗೈ ಬಡಿದ ರಭಸಕ್ಕೆ ಪೆನ್ನಿನ ಡಬ್ಬಿ ಉರುಳಿ ಬಿತ್ತು.

"ಏರಿಸಿದ್ದು ನಾನಲ್ಲಕ್ಕಾ, ಬೇಡಿಕೆ," ಎಂದ ತಮ್ಮ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

"ಯಾವಳೋ ಅವಳು? ಕರಿ ಇಲ್ಲಿ. ನನ್ನ ಅಂಗಡೀಲಿ ನನ್ನ ಕೇಳ್ದೆ ರೇಟು ಏರ್ಸೋಕೆ ಅವಳ್ಯಾರು ಅಂತ ನಾನೇ ವಿಚಾರಿಸ್ಕೋತೀನಿ."

ಜಗಳ ನಡೆದಿದ್ದು ಯಾರಿಗಾಗಿಯೋ ಆ ಹಳೇ ಬಸ್ ಡ್ರೈವರ್, ಅಂಗಡಿಗೆ ಬರುವವರೆಲ್ಲ ಮಾವ ಎಂದೇ ಕರೆಯುವವನು, ಮಾತ್ರ ಕೊನೆಯ ಸೀಟಿನಲ್ಲಿ ಕೂತು, ಕರವಸ್ತ್ರದಿಂದ ಸ್ಟೀರಿಂಗ್ ಒರೆಸುತ್ತಿದ್ದ. ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಆಟ ಆಡಿಸುವ ಅಂಗಡಿ ಅದು. ಬೇರೆ ಸೀಟುಗಳಲ್ಲಿ ಕಾಲೇಜು ಹುಡುಗರು ಢಮಢಮ ಗುಂಡು ಹಾರಿಸುತ್ತಿದ್ದರೆ, ಸ್ಟೀರಿಂಗ್ ಇದ್ದ ಒಂದೇ ಒಂದು ಸೀಟಿನಲ್ಲಿ ಮಾವ ಬಸ್ಸು ಓಡಿಸುತ್ತಿದ್ದ. ನಿಜವಾದ ಬಸ್ಸನ್ನು ಅವನಿಂದ ಕಿತ್ತುಕೊಂಡದ್ದು ಅವನ ಎಡಗಣ್ಣು. ಮಂಜಾಯಿತು ಎಂದು ಮನೆಗೆ ಕಳಿಸಿಬಿಟ್ಟರು. ಆದರೂ ಸಂಜೆ ಆರಾದರೆ ಕೈ ತುರಿಸುತ್ತದೆ ಎಂದು ಇಲ್ಲಿಗೆ ಬರುತ್ತಿದ್ದ. ಬಂದವನು ತೆಪ್ಪಗೆ ಓಡಿಸುತ್ತಾನೆಯೇ? "ಮುಂದೆ ಹೋಗ್ರೀ, ಮುಂದೆ! ಬಾಗ್ಲಲ್ಲೇ ನೇತಾಡೋಕೆ ಇದೇನು ಅತ್ತೆ ಮನೆ ಉಯ್ಯಾಲೆನಾ?" ಎಂದು ತೆರೆಯ ಮೇಲಿನ ಗೊಂಬೆಗಳಿಗೆ ಬೈಯುತ್ತಿದ್ದ. ಅವನ ಬೆನ್ನ ಹಿಂದಿನ ಬೆಂಚುಗಳ ಮೇಲೆ ಪಕ್ಕದ ಆಸ್ಪತ್ರೆಯ ನರ್ಸು, ಇಸ್ತ್ರಿ ಅಂಗಡಿಯವನು, ಬಟ್ಟೆ ಮಳಿಗೆಯ ಹುಡುಗಿಯರು ಒತ್ತೊತ್ತಾಗಿ ಕೂತು ಹೊಟ್ಟೆ ಹಿಡಿದು ನಗುತ್ತಿದ್ದರು.

ತಮ್ಮ ಹೊಸದಾಗಿ ಹಾಕಿಸಿದ ಸಾಫ್ಟ್‌ವೇರಿಗೆ ನಗು ಗೊತ್ತಿಲ್ಲ. ಒಂದು ಸೀಟಿಗೆ ಎಷ್ಟು ಜನ ಟೋಕನ್ ಹಿಡಿದು ಕಾಯುತ್ತಿದ್ದಾರೆ ಎಂದು ನೋಡುತ್ತದೆ. ಜನ ಹೆಚ್ಚಿದರೆ ರೇಟು ಏರಿಸುತ್ತದೆ, ಯಾರೂ ಇಲ್ಲದಿದ್ದರೆ ಇಳಿಸುತ್ತದೆ. ಅದರ ಬುದ್ಧಿ ಅಷ್ಟೇ.

"ಮಧ್ಯಾಹ್ನ ಬನ್ನಿ ಮಾವ," ತಮ್ಮ ಮೆತ್ತಗೆ ಹೇಳಿದ. ಅವನಿಗೂ ಮಾವನೆಂದರೆ ಜೀವವೇ. "ಆಗ ಯಾರೂ ಇರಲ್ಲ. ಅರ್ಧ ರೇಟಿಗೆ ಓಡಿಸಬಹುದು."

"ಯಾರೂ ಇಲ್ದೆ ಓಡ್ಸೋಕೆ ಅದೇನು ಡಿಪೋಗೆ ಹೋಗೋ ಬಸ್ಸಾ?" ಮಾವ ನಕ್ಕ. "ದುಡ್ಡು ಬಿಡಪ್ಪ, ಹೆಂಗೋ ಕೊಟ್ಟೇನು. ಆದ್ರೆ ಏರಿದ್ಯಾಕೆ, ಅದು ಹೇಳು."

ತಮ್ಮ ಕೌಂಟರಿನ ತೆರೆಯನ್ನು ಅವನತ್ತ ತಿರುಗಿಸಿದ. "ನೋಡಿ. ನೀವು ಕೂತಿರೋ ಸೀಟಿಗೆ ಇಷ್ಟು ಜನ ಕಾಯ್ತಾ ಇದ್ದಾರೆ. ಸೀಟು ಇರೋದು ಒಂದೇ."

ಮಾವ ಹಿಂದೆ ತಿರುಗಿ ನೋಡಿದ. ಬೆಂಚಿನ ಮೇಲೆ ಎಲ್ಲರ ಕೈಯಲ್ಲೂ ಒಂದೊಂದು ಟೋಕನ್. ಒಬ್ಬೊಬ್ಬರದೇ ಮುಖ ನೋಡುತ್ತಾ ಬಂದವನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಜೋರಾಗಿ ನಕ್ಕುಬಿಟ್ಟ.

"ಅಯ್ಯೋ, ಇದಕ್ಕಾ ಇವ್ರೆಲ್ಲ ಕೂತಿರೋದು? ನನಗೋಸ್ಕರ ಬರ್ತಾರೆ ಅಂದ್ಕೊಂಡು ಉಬ್ಬಿಹೋಗಿದ್ನಲ್ಲ! ಮುದುಕನ ಜಂಬ ನೋಡಿ!"

ಇದೂ ಅವನ ಎಂದಿನ ತಮಾಷೆ ಎಂದುಕೊಂಡು ಬೆಂಚುಗಳೆಲ್ಲ ನಕ್ಕವು. ಮಾವ ಹ್ಯಾಂಡ್‌ಬ್ರೇಕ್ ಎಳೆದ, ಕುರ್ಚಿಯನ್ನು ಒಳಕ್ಕೆ ಸರಿಸಿದ, ತಮ್ಮನ ಬೆನ್ನು ತಟ್ಟಿದ. "ಸ್ಟಾಪಲ್ಲಿ ನಿಂತೋರನ್ನ ಬಿಟ್ಟು ಹೋದೋನಲ್ಲ ಕಣಪ್ಪ ನಾನು. ಹತ್ಸು ಅವ್ರನ್ನ," ಎಂದು ಬಾಗಿಲು ದಾಟಿದ. ಟ್ರಿಪ್ಪಿನ ನಡುವೆ ಕಾಲು ಸಡಿಲಿಸಲು ಅವನು ಹೊರಗೆ ಹೋಗಿ ಬರುವುದುಂಟು. ಅದಕ್ಕೇ ಅಕ್ಕ ತಡೆಯಲಿಲ್ಲ.

"ಮುಂದಿನ ಟೋಕನ್!" ತಮ್ಮ ಕೂಗಿದ. ಯಾರೂ ಏಳಲಿಲ್ಲ. "ಸಿಸ್ಟರ್, ನಿಮ್ಮದೇ. ಬನ್ನಿ, ಓಡಿಸಿ."

"ನಾನಾ?" ನರ್ಸು ಕಣ್ಣರಳಿಸಿದಳು. "ನನಗೆ ಸೈಕಲ್ಲೇ ಬರಲ್ಲ!"

"ಮತ್ತೆ ಟೋಕನ್ ಯಾಕೆ ತಗೊಂಡ್ರಿ?"

"ಟೋಕನ್ ಇಲ್ಲದವರು ಒಳಗೆ ಕೂರಬಾರದು ಅಂತ ಬೋರ್ಡು ಹಾಕಿದ್ದು ಯಾರು, ನಮ್ಮಪ್ಪನಾ? ಬೆಳಗಿಂದ ನಿಂತು ನಿಂತು ಕಾಲು ಬಿದ್ದುಹೋಗಿರುತ್ತೆ. ಇಲ್ಲಿ ಕೂತ್ಕೊಂಡು, ಅವರ ಬಸ್ಸಲ್ಲಿ ಒಂದು ಟ್ರಿಪ್ ಹೋಗಿ, ಆಮೇಲೆ ಮನೆಗೆ ಹೋಗ್ತೀನಿ."

"ನಾನೂ ಅಷ್ಟೇ," ಎಂದ ಇಸ್ತ್ರಿಯವನು. ಬಟ್ಟೆ ಮಳಿಗೆಯ ಹುಡುಗಿಯರೂ ತಲೆಯಾಡಿಸಿದರು. ಆ ಸೀಟು ಅವರಲ್ಲಿ ಒಬ್ಬರಿಗೂ ಬೇಕಿರಲಿಲ್ಲ.

ತಮ್ಮನ ಮುಖ ಇಂಗು ತಿಂದ ಮಂಗನಂತಾಯಿತು. ಅಕ್ಕ ಬೈಯುವುದನ್ನೂ ಮರೆತು, ಕಾಲಿಗೆ ಸಿಕ್ಕ ಒಂದೇ ಚಪ್ಪಲಿಯಲ್ಲಿ ಬೀದಿಗೆ ಓಡಿದಳು. ಕೆಲಸ ಮುಗಿಸಿದವರು ಬೀದಿ ತುಂಬ ನುಗ್ಗುತ್ತಿದ್ದರು. ಅಷ್ಟು ತಲೆಗಳ ನಡುವೆ ಆ ನರೆತ ತಲೆ ಕಾಣಲಿಲ್ಲ. ಮಾರನೆಯ ದಿನವೂ ಮಾವ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಹೋಗಿ ಕರೆಯೋಣವೆಂದರೆ ಅವನ ಮನೆ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಡ್ರೈವರನ ಮನೆ ಎಲ್ಲಿ ಎಂದು ಯಾವ ಪ್ರಯಾಣಿಕ ಕೇಳಿಯಾನು?

ಬೆಂಚು ಖಾಲಿಯಾಯಿತು. ಟೋಕನ್ ಕೇಳುವವರಿಲ್ಲದೆ ಆ ಸೀಟಿನ ರೇಟು ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂದು ಕೂತಿತು. ಅದರ ಕೆಳಗೆ ಸಾಫ್ಟ್‌ವೇರು ತಾನಾಗಿಯೇ ಹಸಿರು ಅಕ್ಷರ ಮಿನುಗಿಸತೊಡಗಿತು: "ಬನ್ನಿ, ನಿಮ್ಮ ಸೀಟು ಖಾಲಿ ಇದೆ."

"ಆರಿಸೋ ಅದನ್ನ. ಹೊಟ್ಟೆ ಉರಿಯುತ್ತೆ," ಎಂದಳು ಅಕ್ಕ.

ತಮ್ಮ ಆರಿಸಲಿಲ್ಲ. ತೆರೆಯನ್ನು ಎತ್ತಿ ತಂದು, ಕಿಟಕಿಯಲ್ಲಿ ಬೀದಿಯ ಕಡೆಗೆ ತಿರುಗಿಸಿ ಇಟ್ಟ.