ಸದ್ದು ಮಾಡದ ಕಾಯಿ

ಎಮರ್ಜೆನ್ಸಿಯ ವಿರುದ್ಧ ರಂಗಕ್ಕನ ಮಗ ಹಂಚುತ್ತಿದ್ದ ಕರಪತ್ರಗಳಿಗಾಗಿ ಪೊಲೀಸರು ಅಟ್ಟದ ಮೇಲಿನ ಒಣಕಾಯಿಗಳನ್ನೆಲ್ಲ ಒದ್ದು ಉರುಳಿಸಿದರು. ಒಂದು ಚೀಟಿಯೂ ಸಿಗಲಿಲ್ಲ.

"ಬರೀ ಕಾಯಿ ಕಣ್ರೀ ಸಾರ್. ಬೇಕಾದ್ರೆ ಚಟ್ನಿಗೆ ಎರಡು ತಗಂಡೋಗಿ," ಎಂದಳು ರಂಗಕ್ಕ. ಇನ್ಸ್‌ಪೆಕ್ಟರು ನಗುತ್ತ ಕೆಳಗಿಳಿಯಲು ಏಣಿಗೆ ಕಾಲಿಟ್ಟ.

ಕೊಬ್ಬರಿ ನೋಡಲು ಅಂದೇ ಬಂದು ಅಟ್ಟದಲ್ಲೇ ನಿಂತಿದ್ದ ಅವಳ ತಮ್ಮ ಲಕ್ಷ್ಮಯ್ಯ ಮೂವತ್ತು ವರ್ಷದಿಂದ ಕೊಬ್ಬರಿ ವ್ಯಾಪಾರಿ, ಅವನ ಕೈ ಸುಮ್ಮನಿರುವಂಥದ್ದಲ್ಲ. ಕಾಲಬಳಿ ಉರುಳಿ ಬಂದ ಕಾಯಿಯೊಂದನ್ನು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿದ. ಒಣಗಿದ ಕಾಯಿಯೊಳಗೆ ಕೊಬ್ಬರಿ ಗಡಗಡ ಅನ್ನಬೇಕು.

"ಇದ್ಯಾಕಕ್ಕ, ಸದ್ದೇ ಮಾಡ್ತಿಲ್ಲ? ಒಳಗೇನ್ ತುಂಬಿದ್ದೀಯೆ?"

ರಂಗಕ್ಕನ ಮುಖ ಬಿಳಿಚಿಕೊಂಡಿತು. ಆಗ ಲಕ್ಷ್ಮಯ್ಯನ ಹೆಬ್ಬೆರಳಿಗೆ, ಸೀಳಿದ ಸಿಪ್ಪೆಯನ್ನು ನಾರಿನಿಂದ ಹೊಲಿದ ಗೆರೆ ತಗುಲಿತು. ಏಣಿಯಿಂದ ಮತ್ತೆ ಮೇಲೆ ಬಂದ ಇನ್ಸ್‌ಪೆಕ್ಟರು ಕೈ ಚಾಚಿ ನಿಂತಿದ್ದ. ಕಾಯಿ ಇನ್ನೂ ಲಕ್ಷ್ಮಯ್ಯನ ಕಿವಿಯ ಹತ್ತಿರವೇ ಇತ್ತು.